ಮೊಣಕಾಲುದ್ದದ ಕಡಲು

ಇಪ್ಪತ್ತೆರಡು ವರ್ಷ ಹಗ್ಗಕ್ಕೆ ಕಡಲಪಾಚಿ ಕಟ್ಟಿದ್ದೇನೆ,
ಆದರೂ ಈ ಸಮುದ್ರ ನನಗೆ ಪರಿಚಯ
ಮೊಣಕಾಲಿನವರೆಗೆ ಮಾತ್ರ.

ಜಂಬಿಯಾನಿಯ ಹೆಂಗಸರಿಗೆ ಈಜು ಯಾಕೆ,
ಯಾರು ಹೇಳಿದರೋ, ಯಾರೂ ಕೇಳಲಿಲ್ಲ.

ನಿನ್ನೆ ಪಕ್ಕದ ಮನೆ ಸುಬೀರಾ,
ನನಗಿಂತ ಹಿರಿಯಳು, ಮಂಡಿನೋವಿನವಳು,
ಹಳದಿ ಎಣ್ಣೆಡಬ್ಬಿ ತಬ್ಬಿ ಉಬ್ಬರಕ್ಕಿಳಿದಳು.
ಡಬ್ಬಿಯೊಂದೇ ತೇಲಿ ಬಂತು ದಡಕ್ಕೆ.
ಕಿರುಚಿದೆ.
ಅವಳೋ ಅಲ್ಲಿ ಅಲೆಗೆ ಬೆನ್ನು ಕೊಟ್ಟು ಮಲಗಿ
ಮುಗಿಲಿಗೆ ಏನೋ ಬೈಯುತ್ತಾ ನಗುತ್ತಿದ್ದಳು.

ರಾತ್ರಿ ನಿದ್ದೆಯಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ.
ಅಲ್ಲ, ಅಂಗಾಲು ತುರಿಸುತ್ತಿತ್ತು.

ಬೆಳಿಗ್ಗೆ ಕಾಂಗಾ ಸೊಂಟಕ್ಕೆ ಬಿಗಿದು ಹೋಗಿ
"ಡಬ್ಬಿ ಕೊಡ್ತೀಯಾ?" ಅಂದೆ.
"ಮುಚ್ಚಳ ಸೋರುತ್ತೆ, ನೋಡ್ಕೋ."

ಈಗ ಎದೆಮಟ್ಟ.
ತಣ್ಣಗಿದೆ.
ಮೂಗಿಗೆ ನೀರು ಹೋಯಿತು.
ಇನ್ನೊಂದ್ಸಲ.