ಹದ್ದುಬಸ್ತು

ಕೋಲಾರ, ಅಂತರಗಂಗೆ ರಸ್ತೆಯ ಸ್ಕ್ಯಾನ್ ಸೆಂಟರಿನ ನೆಲಮಾಳಿಗೆ.
ಏಪ್ರಿಲ್ಲಿನಲ್ಲೂ ಸ್ವೆಟರ್ ಹಾಕಿ ಕೂರುವ ಕೆಲಸ ನನ್ನದು.
ಯಂತ್ರಕ್ಕೆ ಚಳಿ ಬೇಕು.

ಪಿಳ್ಳಪ್ಪ, ಅರವತ್ತಾರು, ಮಾಲೂರು ತಾಲ್ಲೂಕು.
ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವರು.
ನಕ್ಷೆ ಬರೆದವರಲ್ಲ; ಬರೆಯುವವರಿಗೆ
ತುದಿ ಹಿಡಿದು ಬಿಸಿಲಲ್ಲಿ ನಿಂತವರು.
ಒಂದು ತಿಂಗಳಿಂದ ಮಾತು ತಪ್ಪುತ್ತಿದೆ.
ಗುಂಟೆ ಅನ್ನಲು ಹೋಗಿ
‘ಅದೇ, ಅದೇ, ಹದಿನಾರಾಣೆ’ ಅನ್ನುತ್ತಾರೆ.
ಚೊಂಬಿಗೆ ಬಾಂದುಕಲ್ಲು ಅನ್ನುತ್ತಾರೆ.
ಸೊಸೆಯ ಹೆಸರು ಸಿಗದೆ ಬೆರಳು ಮಾಡುತ್ತಾರೆ,
ನಾಚುತ್ತಾರೆ.

ತಲೆಯೊಳಗನ್ನು ನೂರೈವತ್ತು ಚಿಲ್ಲರೆ ಪದರಾಗಿ
ಪರದೆ ಮೇಲೆ ಹರವಿದೆ.
ಮೊದಲೆಲ್ಲ ನಾನೇ ಮೌಸು ಹಿಡಿದು ಗೆರೆ ಎಳೆಯುತ್ತಿದ್ದೆ,
ಒಂದು ತಲೆಗೆ ಒಂದು ಮಧ್ಯಾಹ್ನ.
ನನ್ನಂಥವರು ಎಳೆದ ಗೆರೆಗಳನ್ನೇ ತಿಂದು
ಈಗ ಯಂತ್ರ ಕಲಿತಿದೆ. ನಲವತ್ತು ಸೆಕೆಂಡು.
ಗಟ್ಟಿಗೆ ಕೆಂಪು, ಒಳಗೆ ಸತ್ತದ್ದಕ್ಕೆ ನೀಲಿ,
ಸುತ್ತ ನೀರಾಡಿ ಊದಿದ್ದಕ್ಕೆ ಹಸಿರು.
ಹಸಿರಂತೆ!
ಪಹಣಿ ಓದಿ ಬೆಳೆದವಳು ನಾನು, ಖರಾಬು ಅನ್ನುತ್ತೇನೆ:
ಹೊಲವೂ ಅಲ್ಲ, ದಾರಿಯೂ ಅಲ್ಲ,
ಆದರೂ ಯಾರೋ ಉಳುತ್ತಿದ್ದಾರೆ.

ನಿಯಮದಂತೆ ನಾನೂ ಒಮ್ಮೆ ಎಳೆಯಬೇಕು. ಎಳೆದೆ.
ಒಂದರ ಮೇಲೊಂದಿಟ್ಟರೆ ನೂರಕ್ಕೆ ಎಂಬತ್ತೇಳು ಕೂಡುತ್ತದೆ.
ಒಳ್ಳೇ ಅಂಕ, ಎನ್ನುತ್ತಾರೆ ಡಾಕ್ಟರ್ ಶಬೀನಾ.
ಉಳಿದ ಹದಿಮೂರು?
ಎಪ್ಪತ್ತೆರಡನೇ ಪದರು, ಎಡಗಡೆ,
ಯಂತ್ರ ನೇರ ಹೋದಲ್ಲಿ ನಾನು ಬಳಸಿಕೊಂಡು ಹೋಗಿದ್ದೇನೆ.
ನನಗೂ ಖಾತ್ರಿಯಿಲ್ಲ.
ಊಟಕ್ಕೆ ಮುಂಚೆ ಎಳೆದಿದ್ದರೆ ಬೇರೆ ಎಳೆಯುತ್ತಿದ್ದೆನೋ ಏನೋ.
ಗೆಡ್ಡೆಗೆ ಬದುವಿಲ್ಲ, ಕಳ್ಳಿಸಾಲಿಲ್ಲ,
ಬೂದಿಯೊಳಗೆ ಕಲೆಸಿದ ಬೂದಿ.

ಬಟ್ಟೆ ಬದಲಿಸಲು ಹೊರಟವರು ದಾರಿ ತಪ್ಪಿ
ನನ್ನ ಕೋಣೆಗೇ ಬಂದುಬಿಟ್ಟರು.
ಪರದೆ ಆರಿಸುವಷ್ಟರಲ್ಲಿ ನೋಡಿಯೂಬಿಟ್ಟರು.
ಹೆದರಿದ ಮುಖವಲ್ಲ ಅದು, ಕಸುಬು ಕಂಡ ಮುಖ.
‘ಒತ್ತುವರಿ’ ಅಂದರು. ತಡವರಿಸದೆ.
ಬಾಗಿಲಲ್ಲಿ ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡಳು:
ತಿಂಗಳಿಂದ ಒಂದು ಪದ ಇಷ್ಟು ಸಲೀಸಾಗಿ ಬಂದಿರಲಿಲ್ಲ.

ಆಮೇಲೆ, ಎರಡು ಗೆರೆಗಳ ನಡುವೆ ಉಗುರಿಟ್ಟು,
‘ಅಳಿಯಾಕ್ ಮುಂಚೆ ಪಕ್ಕದೋರ್ಗೆ... ಪಕ್ಕದೋರ್ಗೆ...’
ಸಿಗಲಿಲ್ಲ.
ಗಾಳಿಯಲ್ಲೊಂದು ಕಾಗದ ಮಡಚಿದರು, ಕೈಗೆ ಕೊಟ್ಟರು,
ರುಜು ಹಾಕುವಂತೆ ಬೆರಳಾಡಿಸಿದರು.
‘ನೋಟಿಸು’ ಅಂದೆ.
‘ಊಂ. ಕೊಟ್ಟವ್ರಾ?’

ಪಕ್ಕದ ಹಿಡುವಳಿ ಮಾತಿನದು.
ಗುಂಟೆ, ಚೊಂಬು, ಸೊಸೆಯ ಹೆಸರು, ನೋಟಿಸು ಎಂಬುದು ಕೂಡ
ಆ ಹದಿಮೂರರಲ್ಲೇ ಎಲ್ಲೋ ಗುಡಿಸಲು ಹಾಕಿಕೊಂಡಿವೆ.
ಯಾರಿಗೂ ಹೇಳಿಲ್ಲ ನಾವು.

ಅವರು ಹೋದ ಮೇಲೆ ಯಂತ್ರ ಕೇಳಿತು:
ಯಾವ ಗೆರೆ ಉಳಿಸಲಿ?
ಎರಡನ್ನೂ ಉಳಿಸಿದೆ.
ಡಾಕ್ಟರಿಗೆ ಕಳಿಸುವ ಷರಾದಲ್ಲಿ ಕನ್ನಡದಲ್ಲೇ ಬೆರಳೊತ್ತಿದೆ:
ಪದರು ೭೨, ಎಡಗಡೆ,
ತಕರಾರು ಇದೆ.