ಕರೆಂಟ್ ಹೋಗಿತ್ತು ಸಾರ್

ರಾತ್ರಿ ಹತ್ತಕ್ಕೆ ಸ್ವಿಚ್ ಹಾಕುವುದು,
ಎರಡಕ್ಕೆ ಆರಿಸುವುದು. ನನ್ನ ಕೆಲಸ ಇಷ್ಟೇ.
ಎರಡೆಕರೆ ಸೇವಂತಿಗೆಯ ಮೇಲೆ ತಂತಿ ಎಳೆದು
ಮಾರಿಗೊಂದು ಬಲ್ಬು ಕಟ್ಟಿ
ಗಿಡಕ್ಕೆ ಸುಳ್ಳು ಹೇಳುತ್ತೇವೆ:
ಇನ್ನೂ ಹಗಲಿದೆ, ಮೊಗ್ಗು ಬಿಡಬೇಡ, ಬೆಳಿ.
ಗಿಡ ನಂಬುತ್ತದೆ.
ಮೊಣಕಾಲೆತ್ತರ ಬರುವವರೆಗೂ ನಂಬುತ್ತಲೇ ಇರಬೇಕು.
ಯುಗಾದಿಗೆ ರೇಟು ಏರಿದ ದಿನ
ಒಟ್ಟಿಗೇ ಅರಳಬೇಕು.
ಇದು ಪಿಳ್ಳಾಂಜಿನಪ್ಪನವರ ಲೆಕ್ಕ.

ಪೇರೇಸಂದ್ರದಿಂದ ಗುಡಿಬಂಡೆಗೆ ಹೋಗುವ ಲಾರಿಯವರು
ನಮ್ಮ ಹೊಲ ಕಂಡು ಯಾರದೋ ಮದುವೆ ಅನ್ನುತ್ತಾರೆ.
ಒಬ್ಬ ಇಳಿದೇ ಬಂದಿದ್ದ,
ಊಟದ ಪಂಕ್ತಿ ಎಲ್ಲಿ ಎಂದು ಕೇಳುತ್ತ.

ಗಾನವಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ,
ಅವರೆಯ ಸೊಗಡು ಇಬ್ಬನಿಯಲ್ಲಿ ಇನ್ನೂ ನಿಂತಿದ್ದಾಗ.
ತಂಗಿಯ ಮೊಮ್ಮಗಳು, ಆರನೇ ಕ್ಲಾಸು.
ಉಲ್ಲನ್ ಟೋಪಿ, ರಟ್ಟು, ಪೆನ್ಸಿಲು.
ಮೇಷ್ಟ್ರ ಹೋಂವರ್ಕು:
ನೆತ್ತಿಯ ಮೇಲೆ ಬರುವ ಮಹಾವ್ಯಾಧನ ಚೌಕದೊಳಗೆ
ಎಷ್ಟು ಚುಕ್ಕಿ, ಎಣಿಸಿ ಬರೆಯಿರಿ.

"ವ್ಯಾಧ ಯಾರೇ? ಅದು ಕೂರಿಗೆ" ಎಂದೆ.
ನಮ್ಮಮ್ಮ ತೋರಿಸುತ್ತಿದ್ದಳು: ಮೂರು ತಾಳಿನ ಕೂರಿಗೆ,
ಬಿತ್ತುತ್ತ ಬಿತ್ತುತ್ತ ಪಡುವಣಕ್ಕೆ ಹೋಗುತ್ತದೆ.
ಅದರ ಮುಂದೆ ಮರಿಗಳ ಕೋಳಿ,
ಅವಳು ತೆಲುಗಿನಲ್ಲೇ ಅನ್ನೋಳು, ಪಿಲ್ಲಲ ಕೋಡಿ.
ಕೋಳಿಯನ್ನು ಹುಡುಕಿದೆ. ಇಲ್ಲ.
ಮರಿಗಳೂ ಇಲ್ಲ.

ಗಾನವಿ ಎಣಿಸಿದಳು. ಮೂರು.
ಹಣೆಗೆ ಕೈ ಅಡ್ಡ ಹಿಡಿದು ಎಣಿಸಿದಳು. ಮೂರು.
"ಮೂರೇ ತಾತ," ಎಂದು ಬರೆದುಕೊಂಡಳು,
ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟಾಗಿನ ದನಿಯಲ್ಲಿ.

ಹತ್ತು ನಲವತ್ತಕ್ಕೆ ಮೇನ್ ಇಳಿಸಿದೆ.

ಕತ್ತಲು ತಕ್ಷಣ ಬರಲಿಲ್ಲ.
ಬಲ್ಬುಗಳು ಕಣ್ಣೊಳಗೆ ಹಸಿರು ಕಲೆಗಳಾಗಿ ಉಳಿದವು.
ಹುಳುಗಳ ಟಪಟಪ ಮೊದಲು ನಿಂತಿತು.
ಆಮೇಲೆ, ಹಿಟ್ಟು ಜರಡಿ ಹಿಡಿದಾಗ
ಕಂಡೂ ಕಾಣದಂತೆ ಬೀಳುತ್ತದಲ್ಲ, ಹಾಗೆ.
ತೆಂಕಣಕ್ಕೆ ಮಾತ್ರ, ನಂದಿಯ ಹಿಂದೆ,
ಒಲೆ ಆರಿಸದೆ ಮಲಗಿದ ಮನೆಯ ಹಾಗೆ
ಬೆಂಗಳೂರು ಕೆಂಪಗೆ ಕಾಯುತ್ತಿತ್ತು.
ಅದರ ಮೇನ್ ಎಲ್ಲಿದೆಯೋ, ನನಗೆ ಗೊತ್ತಿಲ್ಲ.

"ಅಗೋ ತಾತ, ಚೌಕದ ಮೂಲೇಲಿ ಕೆಂಪಗಿದೆಯಲ್ಲ,
ಅದೇ ಆರಿದ್ರಾ."
ಐವತ್ತೆಂಟು ವರ್ಷ ಆರಿದ್ರಾ ಮಳೆಯಲ್ಲಿ ನೆಂದವನು ನಾನು.
ರೋಹಿಣಿ ಬಂದಳಾ, ಮೃಗಶಿರ ಕೈಕೊಟ್ಟಿತಾ ಎಂದು
ಕಟ್ಟೆಯ ಮೇಲೆ ಕೂತು
ಬಾರದ ನೆಂಟರನ್ನು ಬೈದ ಹಾಗೆ
ಹೆಸರು ಹಿಡಿದು ಬೈದವನು.
ಮುಖ ನೋಡಿರಲಿಲ್ಲ.
ಅಷ್ಟು ನೀರು ಸುರಿಯುವವಳು
ಕೆಂಡದ ಹಾಗಿದ್ದಾಳೆ!

ಗಾನವಿಯ ತುಟಿ ಅಲ್ಲಾಡುತ್ತಿತ್ತು.
ಒಂಬತ್ತು, ಹತ್ತು, ಅದು ಇದೆಯೋ ಇಲ್ಲವೋ, ಹನ್ನೊಂದು.
ಕೋಳಿ ಬಂದಿತ್ತು, ಮರಿಗಳನ್ನೆಲ್ಲ
ರೆಕ್ಕೆಯಡಿ ಒತ್ತಿಕೊಂಡು.

ಫೋನು.
"ಏನಯ್ಯಾ, ಬಲ್ಬು?"
"ಕರೆಂಟ್ ಹೋಯ್ತು ಸಾರ್."
"ನಮ್ಮನೇಲಿ ಇದೆಯಲ್ಲೋ."
"ಒಂದು ಫೇಸ್ ಹೋಗಿದೆ ಸಾರ್, ಪಂಪಿನ ಲೈನು."
ಜೀವಮಾನವೆಲ್ಲ ಕರೆಂಟ್ ಹೋಯಿತೆಂದು ಶಪಿಸಿದವನು
ಅವತ್ತೊಂದು ದಿನ ಅದರ ನೆರಳಲ್ಲಿ ಬಚ್ಚಿಟ್ಟುಕೊಂಡೆ.
ಒಟ್ಟು ಹನ್ನೆರಡು ನಿಮಿಷ.

ಹಾಳೆಯಲ್ಲಿ ಅವಳು ಎರಡು ಸಾಲು ಬರೆದಳು:
ಬಲ್ಬು ಇದ್ದಾಗ, ಮೂರು. ಇಲ್ಲದಾಗ, ಹದಿಮೂರು.
ಮೇಷ್ಟ್ರು ಪಕ್ಕದಲ್ಲಿ ಕೆಂಪು ಇಂಕಿನಿಂದ
ಯಾವುದು ಸರಿ? ಎಂದು ಕೇಳಿದ್ದಾರಂತೆ.
ನನ್ನ ಹತ್ತಿರ ಬಂದು ಕೇಳಿದಳು.
ಎರಡೂ ಅಂತ ಬರಿ, ಎಂದೆ.
ಆಮೇಲೆ ಯೋಚನೆಯಾಯಿತು, ಎರಡೂ ಹೇಗೆ ಸರಿ.

ಬಾವಿಯ ಮೂಲೆಯ ಬಲ್ಬು ಸುಟ್ಟು ಒಂದು ವಾರ.
ಪಿಳ್ಳಾಂಜಿನಪ್ಪನವರಿಗೆ ಇನ್ನೂ ಹೇಳಿಲ್ಲ.
ಅದರ ಕೆಳಗಿನ ನಾಲ್ಕು ಗಿಡಕ್ಕೆ ಮಾತ್ರ
ಗಂಟೆ ಎಷ್ಟೆಂದು ಗೊತ್ತಾಗಿಬಿಟ್ಟಿದೆ.