ಅರಾ

ಟಿಬಿಲಿಸಿಯಲ್ಲಿ ಲಿಫ್ಟಿಗೂ ಹಸಿವು.
ಒಳಗೋಡೆಗೆ ಬಡಿದ ತಗಡಿನ ಡಬ್ಬಿಗೆ ಕಾಸು ಹಾಕಿದರೇ
ಮೇಲಕ್ಕೆ. ಇಳಿಯುವುದು ಪುಕ್ಕಟೆ.
ಆರು ವರ್ಷದಿಂದ ಫೋನಿನಲ್ಲೇ ನನ್ನನ್ನು
ಚದುರಂಗದಲ್ಲಿ ಸೋಲಿಸುತ್ತ ಬಂದ ನನೂಲಿ ಮೊದಲೇ ಹೇಳಿದ್ದಳು:
ಇಪ್ಪತ್ತು ತೆತ್ರಿ ಚಿಲ್ಲರೆ ಇಟ್ಟುಕೋ, ಏಳನೇ ಮಹಡಿ,
ಅಡುಗೆಮನೆ ಕಿಟಕಿಯಿಂದ ನದಿ ಕಾಣುತ್ತದೆ.

ಚಿಲ್ಲರೆ ಇತ್ತು. ಮುಷ್ಟಿಯಲ್ಲಿ ಬಿಸಿಯಾಗಿತ್ತು.
ಬಾಗಿಲು ತೆರೆಯಿತು,
ನನ್ನ ಗಾಲಿಕುರ್ಚಿಗಿಂತ ಎರಡು ಬೆರಳು ಕಿರಿದು.

ಎರಡೇ ಬೆರಳು.
ಇಸ್ತಾನ್‌ಬುಲ್‌ನಲ್ಲಿ ಕುರ್ಚಿ ಎಲ್ಲೋ ನಾನೆಲ್ಲೋ ಆಗಿ,
"ಇವರಿಗೆ ನಡೆಯಲು ಆಗುತ್ತದೆಯೇ" ಎಂದು
ನನ್ನ ತಲೆಯ ಮೇಲಿಂದ ಯಾರನ್ನೋ ಕೇಳಿದ ಅಧಿಕಾರಿಗೆ
ನಾನೇ ಉತ್ತರ ಕೊಟ್ಟು,
ಕಲ್ಲುಹಾಸಿನ ಇಳಿಜಾರಿನಲ್ಲಿ ಹಲ್ಲು ಕಟಕಟಿಸಿಕೊಂಡು
ಇಷ್ಟು ದೂರ ಬಂದವಳು
ಎರಡು ಬೆರಳಿಗೆ ನಿಂತುಬಿಟ್ಟೆ.
ನಿಂತೆ ಅಂದೆನೇ? ಭಾಷೆ ಹಾಗೆ. ಕುಳಿತೇ ಇದ್ದೆ.

ಗಂಡಸರು ಕೂಡಿದರು. ರೊಟ್ಟಿ ಹಿಡಿದವನು, ನಾಯಿ ಹಿಡಿದವನು,
ಮೂರನೇ ಮಹಡಿಯ ಝಾಝಾ, ಕಾಲಲ್ಲಿ ಚಪ್ಪಲಿಯೂ ಇಲ್ಲದೆ.
ಹೊತ್ತುಬಿಡುತ್ತೇವೆ ಎಂದು ಕೈಸನ್ನೆ.
ಆಗಲೇ ಒಬ್ಬನ ಕೈ ನನ್ನ ಕಂಕುಳಲ್ಲಿ.
ಈ ಊರಿನ ನುಡಿಯಲ್ಲಿ ನಾನು ಕಲಿತು ಬಂದ ಮೂರು ಮಾತಿನಲ್ಲಿ
ಮೊದಲನೆಯದು "ಅರಾ". ಬೇಡ ಅಂತ.
ನನ್ನ ನುಡಿಯಲ್ಲಿ ಅರ ಅಂದರೆ ಕಬ್ಬಿಣ ಉಜ್ಜಿ ಸವೆಸುವ ಹತಾರ;
ಚಕ್ರದ ಕಡ್ಡಿಗೂ ಹಳಬರು ಅದನ್ನೇ ಅನ್ನುತ್ತಿದ್ದರು.
ಹೇಳಿದೆ. ಮತ್ತೆ ಹೇಳಿದೆ. ಕೈ ತೆಗೆದರು.
ಒಬ್ಬನಿಗೆ ಬೇಜಾರಾಯಿತು. ಆಗಲಿ.

ಆಮೇಲೆ ಏಳನೇ ಮಹಡಿಯೇ ಇಳಿಯತೊಡಗಿತು:
ಮೊದಲು ಮೇಜು, ಕಾಲು ಬೇರೆ, ಹಲಗೆ ಬೇರೆ.
ಅಕ್ರೋಟು ಅರೆದು ತುಂಬಿದ ಬದನೆಕಾಯಿ,
ಚೀಸಿನ ರೊಟ್ಟಿ, ಸಾಬೂನಿನ ವಾಸನೆ ಬಿಡದ ಗ್ಲಾಸುಗಳು,
ಕೊನೆಗೆ ನನೂಲಿ, ತುಟಿಗೆ ಬಣ್ಣ ಹಚ್ಚಿಕೊಂಡು.
ಮೇಲೆ ಹೋದಾಗಲೆಲ್ಲ ಲಿಫ್ಟು ಕಾಸು ನುಂಗಿತು,
ನನ್ನ ಮುಷ್ಟಿಯದೂ ಅದಕ್ಕೇ ಸಂದಿತು.
ಟಪಾಲು ಡಬ್ಬಿಗಳ ಕೆಳಗೆ ಊಟ. ದೀಪ ಆಗಾಗ ಆರುವುದು,
ಯಾರಾದರೂ ಕೈ ಬೀಸಿದರೆ ಮತ್ತೆ ಹೊತ್ತುವುದು.
ನಕ್ಕೆ, ನಿಜ. ತಿಂದದ್ದೂ ಹೆಚ್ಚೇ.
ನದಿಯನ್ನು ಮಾತ್ರ ಯಾರೂ ಇಳಿಸಿ ತರಲಿಲ್ಲ.

ನನೂಲಿ ಫೋನಿನಲ್ಲಿ ಅದರ ಚಿತ್ರ ತೋರಿಸಿದಳು.
ಕಂದು ನೀರು, ಮೂಲೆಯಲ್ಲಿ ಅವಳದೇ ಹೆಬ್ಬೆರಳು.
"ಚೆನ್ನಾಗಿದೆ" ಅಂದೆ.
ನನ್ನ ಮುಖ ನೋಡಿ
ಫೋನು ಬೋರಲು ಇಟ್ಟಳು.

ಹೊರಡುವ ಹೊತ್ತಿಗೆ ಝಾಝಾ ಟೇಪು ತಂದ.
ಬಾಗಿಲು ಅಳೆದ. ನನ್ನನ್ನು ಕೇಳಿ, ಕುರ್ಚಿಯನ್ನೂ ಅಳೆದ.
ಸಿಗರೇಟು ಪ್ಯಾಕಿನ ಮೇಲೆ ಬರೆದ: ೫೯, ಅದರ ಮೇಲೆ ೬೩,
ಕೆಳಗೊಂದು ಗೆರೆ. ಕಳೆಯಲಿಲ್ಲ.
ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿ
ಲಿಫ್ಟಿನ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಟ್ಟ,
ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವಂತೆ.